ಬಿಳಿ ಹೊತ್ತವಳು

ಲಾಯ್ಡ್,

ಬಿಳಿ ಹುಟ್ಟಿತು ಕಣೋ! ಬೆಳಿಗ್ಗೆಯಿಂದ ಕಾವುಪೆಟ್ಟಿಗೆಯ ಮುಚ್ಚಳ ಆರು ಸಲ ತೆಗೆದಿದ್ದೇನೆ; ನೀನಿದ್ದಿದ್ದರೆ ನನ್ನ ಕೈಗೆ ಹೊಡೆಯುತ್ತಿದ್ದೆ. ನೀನು ಕೊಟ್ಟ ಕಂದು ಹೆಬ್ಬಾವಿನ ಜೋಡಿಯದೇ ಮರಿ. ಕೆಂಪು ಕಣ್ಣು. ಇನ್ನೂ ಮೊಟ್ಟೆಯಿಂದ ಮೂತಿ ಮಾತ್ರ ಹೊರಗಿಟ್ಟಿದೆ.

ನಾಲ್ಕಕ್ಕೊಂದು ಮರಿ ಬಿಳಿ ಬರುತ್ತೆ ಅಂತ ಹೇಳಿ ಕೊಟ್ಟಿದ್ದೆ ನೀನು. ಮೊದಲ ಸಲ ಹನ್ನೊಂದಕ್ಕೆ ಹನ್ನೊಂದೂ ಕಂದು ಮರಿಗಳೇ ಬಂದಾಗ, ಟೌನ್ಸ್‌ವಿಲ್‌ನ ಹಾವು ಸಾಕುವವರ ಕ್ಲಬ್ಬಿನಲ್ಲಿ ಎಲ್ಲರೆದುರು ನಿನ್ನನ್ನು ಸುಳ್ಳುಗಾರ ಅಂದುಬಿಟ್ಟೆ. "ಎರಡರ ರಕ್ತದಲ್ಲೂ ಬಿಳಿ ಅಡಗಿದೆ ಕಣೋ. ನಾಲ್ಕಕ್ಕೊಂದು ಅಂದ್ರೆ ಎಣಿಸಿಕೊಂಡು ಬರುತ್ತಾ? ಇನ್ನೊಂದ್ಸಲ ಮೊಟ್ಟೆ ಇಡಲಿ, ತಡ್ಕೋ," ಅಂದೆ ನೀನು. ನಾನು ತಡೆದುಕೊಳ್ಳಲಿಲ್ಲ. ಹೆಣ್ಣು ಹಾವಿನ ಡಬ್ಬಿಯ ಮೇಲೆ ನೀನು ಬರೆದುಕೊಟ್ಟಿದ್ದ 'ಬಿಳಿ ಹೊತ್ತವಳು' ಮುಚ್ಚುವ ಹಾಗೆ ಟೇಪು ಅಂಟಿಸಿ, 'ಬರೀ ಕಂದು' ಅಂತ ಗೀಚಿದೆ.

ಮಾರ್ಚಿನಲ್ಲಿ ನಿನ್ನನ್ನು ಮಣ್ಣು ಮಾಡಿದ ದಿನ ನಾನು ಡಬ್ಬಿಗಳನ್ನು ತೊಳೆಯುತ್ತಾ ಕೂತಿದ್ದೆ.

ಈಗಷ್ಟೇ ಆ ಟೇಪು ಕಿತ್ತೆ. ನಿನ್ನ ಅಕ್ಷರವೂ ಅದರ ಜೊತೆಗೇ ಕಿತ್ತು ಬಂತು.