ಎದೆ ವಿಭಾಗದಿಂದ ಕತ್ತಿನ ವಿಭಾಗಕ್ಕೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಉಸಿರು ಕಟ್ಟುತ್ತಿರುವ ಮನುಷ್ಯ ನಿಮ್ಮ ಆಸ್ಪತ್ರೆಯಲ್ಲಿ ಯಾವ ವಿಭಾಗಕ್ಕೆ ಸೇರಿದವನು? ಇದು ತೀರ್ಮಾನವಾಗುವಷ್ಟರಲ್ಲಿ ನನ್ನ ಯಜಮಾನರು ತೀರಿಕೊಂಡರು. ಈಗಲಾದರೂ ಉತ್ತರ ಸಿಕ್ಕಿದೆಯೇ ಎಂದು ಎಲ್ಲರೆದುರಿಗೇ ಕೇಳುತ್ತಿದ್ದೇನೆ. ಮುಚ್ಚಿದ ಲಕೋಟೆಗಳಿಗೆ ನೀವು ಉತ್ತರಿಸುವವರಲ್ಲ.

ಕಳೆದ ಆಷಾಢದಲ್ಲಿ, ನಮ್ಮ ಮನೆಯ ತಿರುವಿನಲ್ಲೇ ನನ್ನ ಯಜಮಾನರು ಬದರೀನಾರಾಯಣರ ಸ್ಕೂಟರಿಗೆ ಆಟೋ ಅಡ್ಡ ಬಂತು. ಎದೆ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಒಂದು ತೊಟ್ಟು ರಕ್ತವಿಲ್ಲ. "ಏನೂ ಆಗಿಲ್ಲ ಕಣೇ, ಕಾಫಿ ಕೊಡು" ಎಂದು ನಡೆದೇ ಒಳಗೆ ಬಂದರು. ಕಾಫಿ ಕುಡಿಯುವಷ್ಟರಲ್ಲಿ ಕತ್ತು ದಪ್ಪಗಾಯಿತು, ಕೆನ್ನೆ ಉಬ್ಬಿತು, ಸ್ವರವೇ ಬದಲಾಯಿತು. ಮುಟ್ಟಿದರೆ ಚರ್ಮದ ಕೆಳಗೆ ಕಡಲೆಪುರಿ ಒತ್ತಿದ ಹಾಗೆ ಚರಚರ ಅನ್ನುತ್ತಿತ್ತು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿ, ಅಲ್ಲಿಯ ಗಾಳಿ ಚರ್ಮದಡಿ ಹರಡುತ್ತಿತ್ತೆಂದು ಆಮೇಲೆ ತಿಳಿಯಿತು.

ನಿಮ್ಮ ಕ್ಯಾಷುಯಾಲ್ಟಿಯಲ್ಲಿ ಸರ್ಜರಿಯ ವೈದ್ಯರು ನೋಡಿ, "ಕತ್ತು ಊದಿದೆಯಲ್ಲಮ್ಮಾ, ಇಎನ್‌ಟಿಯವ್ರು ನೋಡ್ಬೇಕು" ಎಂದರು. ಇಎನ್‌ಟಿಯವರು, "ಗಾಳಿ ಎದೆಯಿಂದ ಬರ್ತಿದೆ, ಇದು ಸರ್ಜರಿ ಕೇಸು. ನಾವು ಮುಟ್ಟಿದ್ರೆ ನಮ್ಮ ತಲೆಗೆ ಬರುತ್ತೆ" ಎಂದರು. ಆಹಾ, ಎಂಥ ವಿನಯ! ಗಾಳಿ ಮಾತ್ರ ಯಾರ ಅಪ್ಪಣೆಗೂ ಕಾಯದೆ ಎದೆಯಿಂದ ಕತ್ತಿಗೆ, ಕತ್ತಿನಿಂದ ಕಣ್ಣಿಗೆ ಏರಿತು. ಕೊನೆಗೆ, ಎಕ್ಸ್‌ರೇ ನೋಡದೆ ಯಾರೂ ಒಪ್ಪಿಕೊಳ್ಳುವುದಿಲ್ಲವೆಂದು ಅವರನ್ನು ಸ್ಟ್ರೆಚರಿನ ಮೇಲೆ ಅಂಗಾತ ಮಲಗಿಸಿದರು. ಕೂತರಷ್ಟೇ ಅವರಿಗೆ ಉಸಿರಾಡಲು ಆಗುತ್ತಿತ್ತು ಸ್ವಾಮಿ! "ಕೂರ್ಸೇ ಗಿರಿಜಾ" ಎಂದು ನನ್ನ ಕೈ ಹಿಡಿದರು. ನಾನು ಎಬ್ಬಿಸಹೋದರೆ ನಿಮ್ಮ ಅಟೆಂಡರು, "ಕೂತ್ಕೊಂಡು ಹೋಗೋ ಹಾಗಿಲ್ಲಮ್ಮಾ, ರೂಲ್ಸು" ಎಂದು ಅವರ ಭುಜ ಒತ್ತಿ ಮಲಗಿಸಿದ. ಎಕ್ಸ್‌ರೇ ಕೋಣೆಯ ಬಾಗಿಲಲ್ಲೇ ಉಸಿರು ನಿಂತಿತು.

ಆಗ ಬಂದರು ನೋಡಿ! ಸರ್ಜರಿ, ಇಎನ್‌ಟಿ, ಅರಿವಳಿಕೆ, ಎಲ್ಲರೂ ಒಟ್ಟಿಗೆ ಓಡೋಡಿ ಬಂದರು. ಗಾಳಿ ಹೊರಬಿಡಲು ಎದೆಗೊಂದು ಕೊಳವೆ ಹಾಕಿದರು, ಗಂಟಲಿಗೊಂದು ಹಾಕಿದರು. ಆಗ ಯಾರ ತಲೆಗೂ ಏನೂ ಬರಲಿಲ್ಲ. ಜೀವವಿದ್ದಾಗ ಯಾರಿಗೂ ಬೇಡವಾದವರು ಹೋದಮೇಲೆ ಎಲ್ಲರಿಗೂ ಬೇಕಾದರು.

ಅಧೀಕ್ಷಕರೇ, ನನಗೆ ನಿಮ್ಮ ಸಂತಾಪ ಬೇಡ. ಎದೆಗೆ ಪೆಟ್ಟಾಗಿ ಕತ್ತು ಊದಿದವರು ಬಂದರೆ, ವಿಭಾಗ ಯಾವುದೆಂದು ಕೇಳುವ ಮೊದಲು ಕೊಳವೆ ಹಾಕುವ ಅಧಿಕಾರವನ್ನು ಆ ಹೊತ್ತಿಗೆ ಅಲ್ಲಿರುವ ಒಬ್ಬ ವೈದ್ಯರಿಗೆ ಕೊಡಿ. ಆ ಆದೇಶಕ್ಕೆ ತಡವಾಗುವುದಾದರೆ, ಅಲ್ಲಿಯವರೆಗೆ ನಿಮ್ಮ ಅಟೆಂಡರಿಗೆ ಇಷ್ಟಾದರೂ ಹೇಳಿ: ಕೂರಿಸಿ ಎಂದು ಬೇಡುವವರನ್ನು ಕೂರಿಸಲಿ.

ಇಂತಿ,
ನಿಮ್ಮ ಯಾವ ವಿಭಾಗಕ್ಕೂ ಸೇರದವರ ಹೆಂಡತಿ
ಗಿರಿಜಾಂಬಾ
ಚಾಮರಾಜಪೇಟೆ, ೧೯೯೮