ಚಂದ್ರಾಮನ ವಿಳಾಸ ನನ್ನ ಅಡುಗೆಮನೆ

ಮಾನ್ಯ ಅಧೀಕ್ಷಕರೇ,

ನಿಮ್ಮ ಬಾಲಗೃಹದಲ್ಲಿರುವ ಚಂದ್ರಾಮ ಎಂಬ ಹುಡುಗನಿಗೆ ಹೆತ್ತವರಿಲ್ಲವೆಂದು ತೀರ್ಮಾನಿಸಿ, ಈ ತಿಂಗಳ ಕೊನೆಗೆ ಅವನನ್ನು ನಾಗಪುರದ ಕಡೆಯ ಯಾವುದೋ ಸಂಸ್ಥೆಗೆ ಸಾಗಹಾಕುತ್ತಿದ್ದೀರಿ. ಅವನಿಗೆ ತಾಯಿ ಇದ್ದಾಳೆ. ನಿಮ್ಮ ಕಚೇರಿಗೇ ಬಂದು ನಿಮ್ಮೆದುರು ನಿಂತಿದ್ದಳು. ಇದನ್ನೆಲ್ಲ ಮರಾಠಿಯಲ್ಲಿ ಬರೆದು ಕಳಿಸಿದ್ದಾಯಿತು, ನಿಮ್ಮಿಂದ ಉತ್ತರವಿಲ್ಲ. ಅದಕ್ಕೇ ಈ ಸಲ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದದೇ ಇರುವವರಿಗೆ ಯಾವ ಭಾಷೆಯಾದರೇನು? ಓದಿದವರು ಯಾರಾದರೂ ನಿಮ್ಮ ಕಿವಿಗೆ ಹಾಕಿಯಾರು.

ಬೇಸಿಗೆ ರಜೆಯಲ್ಲಿ ನಿಮ್ಮ ಹುಡುಗರಿಗೆ ಪಾಠ ಹೇಳಲು ಡೊಂಬಿವಲಿಯಿಂದ ಬರುತ್ತಿದ್ದ ಟೀಚರು ನಾನು. ಇಂಥ ಸೇವಾಭಾವ ಅಪರೂಪವೆಂದು ಮೊದಲ ದಿನ ಚಹಾ ತರಿಸಿ ಹೊಗಳಿದಿರಿ. ಸೇವಾಭಾವವೂ ಇಲ್ಲ, ಮಣ್ಣೂ ಇಲ್ಲ. ಮೇ ತಿಂಗಳು ಬಂತೆಂದರೆ ನಮ್ಮ ಕನ್ನಡ ಶಾಲೆಯವರೆಲ್ಲ ಮಂಗಳೂರಿನ ಬಸ್ಸು ಹತ್ತುತ್ತಾರೆ. ಅಮ್ಮ ತೀರಿಕೊಂಡ ಮೇಲೆ ಆ ಕಡೆ ನನ್ನವರೆಂದು ಯಾರೂ ಉಳಿದಿಲ್ಲ. ಒಬ್ಬಳಿಗೇ ಅನ್ನ ಬೇಯಿಸಿ, ಪಕ್ಕದ ಮನೆಯವರ ರೇಡಿಯೋ ಕೇಳುತ್ತ ಕೂರುವುದು ನನಗೆ ಸಾಕುಸಾಕಾಗಿತ್ತು. ರಜೆಯಲ್ಲಾದರೂ ಯಾರಾದರೂ ಟೀಚರ್ ಎಂದು ಕರೆಯಲಿ ಎಂಬ ಆಸೆಯಿಂದ ನಿಮ್ಮಲ್ಲಿಗೆ ಬಂದೆ. ಒಳಗಿದ್ದ ಹುಡುಗರಿಗೂ ಯಾರಾದರೂ ಹೆಸರು ಹಿಡಿದು ಕರೆದರೆ ಸಾಕಾಗಿತ್ತು. ನಮಗೆ ಬೇಗ ಹೊಂದಿಕೆಯಾಯಿತು.

ಒಂದು ದಿನ, ಸ್ಟೇಶನ್ನಿನಿಂದ ನಿಮ್ಮನಿಮ್ಮ ಮನೆಗೆ ದಾರಿ ಹೇಳಿ ಎಂದೆ. ಒಬ್ಬ ಮಾತಿನಲ್ಲೇ ಕೋಪರಿಗೆ ಕರೆದೊಯ್ದ, ಇನ್ನೊಬ್ಬ ವಾಗ್ಳೆ ಎಸ್ಟೇಟಿಗೆ. ಚಂದ್ರಾಮ ಮಾತ್ರ ಡೊಂಬಿವಲಿ ಪೂರ್ವಕ್ಕಿಳಿದು, ಹಿಟ್ಟಿನ ಗಿರಣಿ ದಾಟಿ, ಬಾವಿಯ ಪಕ್ಕದ ಬಿಲ್ಡಿಂಗಿನ ಮೂರನೇ ಮಾಳಿಗೆಗೆ ನನ್ನನ್ನು ಹತ್ತಿಸಿದ. ಅದು ನಾನಿರುವ ಮನೆ! ತಮಾಷೆ ಮಾಡುತ್ತಿದ್ದಾನೆಂದು, ಒಳಗೆ ಏನೇನಿದೆ ಹೇಳು ನೋಡೋಣ ಎಂದೆ.

"ಖಿಡಕಿ ಕೂಡ್ಸಿದ್ದಿಲ್ರಿ ಆಗ. ನಳ ಇರೋ ಮೂಲ್ಯಾಗ ನಮ್ಮವ್ವ ಒಲಿ ಹೂಡತಿದ್ಳು. ಅಲ್ಲೇ ಮಲಗ್ತಿದ್ವಿ" ಎಂದ.

ಆ ಮೂಲೆಯಲ್ಲಿ ಈಗ ನನ್ನ ಗ್ಯಾಸಿನ ಒಲೆಯಿದೆ. ಕಲಬುರಗಿ, ರಾಯಚೂರಿನ ಕಡೆಯಿಂದ ಬಂದ ಕೂಲಿಯವರು ತಾವು ಕಟ್ಟುವ ಬಿಲ್ಡಿಂಗಿನಲ್ಲೇ ಸಂಸಾರ ಹೂಡುತ್ತಾರೆ, ಬಾಗಿಲು ಕೂಡಿಸಿದ ಮೇಲೆ ಇನ್ನೊಂದು ಕಡೆಗೆ ಹೋಗುತ್ತಾರೆ. ಇದು ನಿಮಗೆ ಗೊತ್ತಿಲ್ಲವೇ? ನಿಮ್ಮ ಮನೆಯನ್ನು ಕಟ್ಟಿದವರು ಎಲ್ಲಿ ಮಲಗಿದ್ದರೆಂದುಕೊಂಡಿದ್ದೀರಿ? ಹುಡುಗ ಶಹಾಡಿನಲ್ಲಿ ಗುಜರಿ ಕಬ್ಬಿಣ ಆಯುವಾಗ ಪೊಲೀಸರಿಗೆ ಸಿಕ್ಕಿಬಿದ್ದ. ಅವನು ನಿಮ್ಮಲ್ಲಿದ್ದಾಗಲೇ ಕೆಲಸ ಮುಗಿದು ಗ್ಯಾಂಗು ಹೊರಟಿತು, ಈಗಿರುವ ನಾವು ಕೀಲಿಕೈ ಹಿಡಿದು ಬಂದೆವು. ಆಮೇಲೆ ನೀವು ವಿಳಾಸ ಕೇಳಿದಾಗ ಅವನು ತನಗೆ ಗೊತ್ತಿದ್ದ ಒಂದೇ ಮನೆಯನ್ನು ಹೇಳಿದ. ನಿಮ್ಮ ಪೊಲೀಸನು ನಮ್ಮ ವಾಚಮನ್ನನ್ನು ವಿಚಾರಿಸಿದ, ಅಂಥವರು ಇಲ್ಲಿಲ್ಲವೆಂದ ವಾಚಮನ್. ಅಲ್ಲಿಗೆ ಹುಡುಗ ಅನಾಥನಾದ.

ಕಲ್ಯಾಣದ ನಾಕಾದಲ್ಲಿ ಬೆಳಿಗ್ಗೆ ಕೂಲಿಗೆ ನಿಲ್ಲುವವರನ್ನು, ನಮ್ಮ ಬಿಲ್ಡಿಂಗು ಕಟ್ಟಿದವರು ಎಲ್ಲಿ ಎಂದು ನಾನು ಕೇಳಿದೆ. ಕೂಲಿಯವರ ಮೇಸ್ತ್ರಿ, ಮುಕಾದಮ ಮಹಾದೇವಪ್ಪನ ಆ ಗ್ಯಾಂಗು ಈಗ ವಾಶಿಯಲ್ಲಿದೆ ಎಂದರು. ಠಾಣೆಯಿಂದ ಬಸ್ಸು ಹಿಡಿದು ಹೋದರೆ, ಹುಡುಗನ ತಾಯಿ ಮರಗಮ್ಮ ತಲೆಯ ಮೇಲೆ ಇಟ್ಟಿಗೆ ಹೊತ್ತು ಎದುರಿಗೇ ಬಂದಳು. ಮಗನ ಹೆಸರು ಕೇಳಿದವಳೇ ಹೊರೆ ಇಳಿಸಿ ನನ್ನ ಕೈ ಹಿಡಿದುಕೊಂಡಳು.

"ಆ ಬಿಲ್ಡಿಂಗಿಗೇ ಬರ್ತಾನಂತ ಸೂಟಿ ಸಿಕ್ಕಾಗೆಲ್ಲ ಹೋಗಿ ಗೇಟಿಗಿ ಕುಂತೀನ್ರಿ. ವಾಚಮನ್ ಎಬ್ಬಸ್ತಾನ. ನಾವ ಕಟ್ಟಿದ್ದು ಅಂದ್ರ ನಗ್ತಾನ" ಎಂದಳು.

ನಿಮ್ಮ ಪೊಲೀಸನನ್ನೂ ಆ ತಾಯಿಯನ್ನೂ ತಿರುಗಿಸಿ ಕಳಿಸಿದ್ದು ಒಂದೇ ಗೇಟು, ಒಬ್ಬನೇ ವಾಚಮನ್. ಅವಳನ್ನು ನಿಮ್ಮಲ್ಲಿಗೆ ಕರೆತಂದರೆ, ರೇಶನ್ ಕಾರ್ಡು ಎಲ್ಲಿ, ಕಾಯಂ ವಿಳಾಸ ಯಾವುದು ಎಂದಿರಿ. ಊರೂರಿಗೆ ಕಾಯಂ ವಿಳಾಸ ಕಟ್ಟಿಕೊಟ್ಟವಳನ್ನು ಕೇಳುವ ಪ್ರಶ್ನೆಯೇ ಇದು? ಒಳಗೆ ಹುಡುಗರ ಪ್ರಾರ್ಥನೆ ನಡೆಯುತ್ತಿತ್ತು. ಅವಳು ಗೋಡೆಯತ್ತ ಕಿವಿಗೊಟ್ಟು ಮಗನ ದನಿ ಹುಡುಕುತ್ತಿದ್ದಳು. ನೀವು ಫೈಲಿನಿಂದ ತಲೆಯೆತ್ತಲಿಲ್ಲ. ಮರುದಿನದಿಂದ ನನ್ನ ತರಗತಿಯೂ ಬೇಡವಾಯಿತು. ತರಗತಿ ತಪ್ಪಿದ ಆ ಸಂಜೆ ಖಾಲಿ ಚೀಲ ಹಿಡಿದು ಲೋಕಲ್ಲಿನಲ್ಲಿ ಕೂತಾಗ ನನಗೆ ಆದಷ್ಟು ಒಂಟಿತನ ಅಮ್ಮ ಹೋದ ದಿನವೂ ಆಗಿರಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಚಂದ್ರಾಮನನ್ನು ಎಲ್ಲಿಗೂ ಕಳಿಸಬೇಡಿ. ಮರಗಮ್ಮನನ್ನು ನನ್ನ ಮನೆಗೆ ಕರೆದುಕೊಂಡು ಬಂದಿದ್ದೇನೆ. ಸೊಸೈಟಿಯವರು ಗೊಣಗುತ್ತಿದ್ದಾರೆ, ಗೊಣಗಲಿ. ಕೋಣೆಯಲ್ಲಿ ಮಲಗು ಎಂದರೂ ಕೇಳದೆ ಅವಳು ಅಡುಗೆಮನೆಯಲ್ಲೇ ಸೆರಗು ಹಾಸುತ್ತಾಳೆ. ಹುಡುಗ ಕೊಟ್ಟ ವಿಳಾಸಕ್ಕೆ ನಿಮ್ಮ ಪೊಲೀಸನನ್ನು ಇನ್ನೊಮ್ಮೆ ಕಳಿಸಿ. ಈ ಸಲ ವಾಚಮನ್ನನ್ನು ಕೇಳಿ ತಿರುಗುವುದು ಬೇಡ, ಮೂರನೇ ಮಾಳಿಗೆ ಹತ್ತಿ ಬಂದು ಬಾಗಿಲು ಬಡಿಯಲಿ. ತೆರೆಯುವವಳು ಅವನ ತಾಯಿ.

ಇಂತಿ,
ಅವರು ಕಟ್ಟಿದ ಮನೆಯಲ್ಲಿ ಇಷ್ಟು ದಿನ ಒಬ್ಬಳೇ ಇದ್ದ
ಜಯಲತಾ
ಡೊಂಬಿವಲಿ, ಜೂನ್ ೧೯೮೩