ಎರಡು ಬೆರಳಿನ ಆಸರೆ

ನೇಕಾರರ ಹೊಸ ಕಾಲನಿ, ಬನಹಟ್ಟಿ
ಗುರುವಾರ, ೧೨ ಆಗಸ್ಟ್ ೧೯೯೩

ನೀಲವ್ವನ ಅಪ್ಪನವರಿಗೆ ಶಿವಗಂಗವ್ವ ಮಾಡುವ ನಮಸ್ಕಾರ.

ಕ್ಷೇಮವಾಗಿದ್ದೇವೆ ಎಂದು ಬರೆಯಲು ಈ ಸಲ ಕೈ ಏಳುತ್ತಿಲ್ಲ. ಯುಗಾದಿಯಿಂದ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಆ ಸಿಟ್ಟಿಗೆ ಈ ಕಾಗದವನ್ನು ಓದದೆ ಇಡಬೇಡಿ.

ಮಾಯವ್ವ ಹೋದಳು. ನಮ್ಮ ಹಿಂದಿನ ಸಾಲಿನ ಅಮಸಿದ್ದಪ್ಪನ ಹೆಂಡತಿ. ಮಂಗಳವಾರ ಮಧ್ಯಾಹ್ನ ಅಮಸಿದ್ದಪ್ಪ ನೂಲು ತರಲು ಪೇಟೆಗೆ ಹೋಗಿದ್ದ, ಅವಳೊಬ್ಬಳೇ ಕರೆಂಟಿನ ಮಗ್ಗ ನಡೆಸುತ್ತಿದ್ದಳು. ಒಮ್ಮೆಲೇ ನೆಲ ಅದುರುವಂಥ ಸದ್ದಾಯಿತು. ಓಡಿಹೋಗಿ ನೋಡಿದರೆ ಗೋಡೆಗಳು ಹಾಗೇ ನಿಂತಿವೆ, ಮಾಳಿಗೆಯ ಒಂದು ಸ್ಲ್ಯಾಬು ಜಾರಿ ಅವಳ ಮೇಲೆ ಬಿದ್ದಿದೆ. ಒಂದು ಮಗ್ಗ ಇನ್ನೂ ನಡೆದೇ ಇತ್ತು. ಓಣಿಯ ಗಂಡಸರೆಲ್ಲ ಸೇರಿ ಎತ್ತಿದರೂ ಸ್ಲ್ಯಾಬು ಅಲುಗಲಿಲ್ಲ. ಅವಳ ಒಂದು ಕೈ ಹೊರಗಿತ್ತು, ಅದನ್ನು ಹಿಡಿದು ಕೂತೆ. "ಯಕ್ಕಾ, ಒಂದಿಷ್ಟ ನೀರ ಕೊಡು" ಅಂದಳು. ನೀರು ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು.

ಸಂಜೆ ಕಾಲನಿ ಕಟ್ಟಿದ ಗುತ್ತಿಗೆದಾರರ ಕ್ರೇನು ಬಂತು. ಹೆಣ ಬಿಡಿಸಿಕೊಟ್ಟು, ಸ್ಲ್ಯಾಬಿನ ತುಂಡುಗಳನ್ನೆಲ್ಲ ಅದೇ ಗಳಿಗೆಯಲ್ಲಿ ಲಾರಿಗೆ ಹೇರಿಕೊಂಡು ಹೋದರು. ಅಳುವ ಗದ್ದಲದಲ್ಲಿ ಯಾರಿಗೂ ತಡೆಯಬೇಕೆಂದು ಹೊಳೆಯಲಿಲ್ಲ. ನಿನ್ನೆ ಅವರ ಇಂಜಿನಿಯರು ಬಂದು, "ಮಗ್ಗದ ಹೊಡತಕ್ಕ ಮನಿ ನಡಗಿ ಬಿದ್ದೈತಿ. ನಮ್ಮ ತಪ್ಪಲ್ಲ, ಮಗ್ಗಾ ತಗೀರಿ" ಅಂದ. ಕಾಲನಿಯ ಹಿರಿಯ ಶಿದ್ರಾಮಪ್ಪನವರು, "ನೇಕಾರರ ಕಾಲನಿ ಅಂತ ಬೋರ್ಡ್ ನೀವ ಹಾಕೀರಲ್ರಿ ಸಾಹೇಬ್ರ. ಮಗ್ಗಾ ತಗದು ನಾವು ಏನ ತಿನ್ನೂಣು?" ಎಂದು ಕೇಳಿದರು. ಅವನು ಜೀಪು ಹತ್ತಿ ಹೋದ.

ಖರೆ ಏನೆಂದು ನಿಮಗೆ ಗೊತ್ತಿದೆ. ಗೋಡೆ, ಸ್ಲ್ಯಾಬು ಎಲ್ಲ ಗುತ್ತಿಗೆದಾರರ ಲೋಕಾಪುರದ ಅಂಗಳದಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು ನಿಲ್ಲಿಸಿದ ಮನೆಗಳು ಇವು. ವಾರದೊಳಗೆ ಒಂದು ಸಾಲು ಎದ್ದಿತೆಂದು ರಬಕವಿಯ ಮಂದಿಯೂ ನೋಡಲು ಬಂದಿದ್ದರು. ಜೋಡಿಸುವ ಕೆಲಸಕ್ಕೆ ನೀವೇ ಮೇಸ್ತ್ರಿ. ಯುಗಾದಿಯ ದಿನ ಉಣ್ಣದೆ ಕೂತು ನನಗೊಬ್ಬಳಿಗೆ ಹೇಳಿದಿರಿ: "ಗ್ವಾಡಿ ಹೊರಗ ವಾಲ್ಯಾವ. ಸ್ಲ್ಯಾಬ್ ಗ್ವಾಡಿ ಮ್ಯಾಲೆ ಅಂಗೈಯಷ್ಟ ಕುಂದರಬೇಕು, ಎರಡ ಬೆರಳಷ್ಟ ಕುಂತಾವ. ಕಬ್ಬಿಣದ ಕೊಂಡಿ ಕಟ್ಟಾಕ ಗುತ್ತಿಗಿ ಮಾಲಕರು ಪುರಸತ್ತ ಕೊಡಲಿಲ್ಲ. ಸಂದಿಗೆ ಸಿಮೆಂಟ್ ಮೆತ್ತಿ ಸುಣ್ಣಾ ಹೊಡದೀವಿ." ನಮ್ಮ ಮನೆಯೂ ಹೀಗೇನಾ ಎಂದು ಕೇಳಿದೆ. ಹೌದೆಂದು ಗೋಣು ಹಾಕಿದಿರಿ. ಮಂದಿಗೆ ಹೇಳಿರಿ ಎಂದು ಜಗಳ ತೆಗೆದೆ. "ಹೇಳಿದ್ರ ಮದಲ ಜೇಲಿಗೆ ಹೋಗಾಂವ ನಾನ" ಅಂದಿರಿ, ಮರುದಿನ ಗಂಟು ಕಟ್ಟಿಕೊಂಡು ಲೋಕಾಪುರದ ಅಂಗಳಕ್ಕೆ ಹೋದವರು ತಿರುಗಿ ಬರಲಿಲ್ಲ.

ನಾನು ಅದೇ ವಾರ ಶಿದ್ರಾಮಪ್ಪನವರ ಮುಂದೆ ಎಲ್ಲ ಹೇಳಿದೆ. ಅವರು ವಿಚಾರಿಸಿದಾಗ ಗುತ್ತಿಗೆದಾರರ ಮನುಷ್ಯ ನಕ್ಕು, "ಗಂಡ ಬಿಟ್ಟು ಹೋದ ಸಿಟ್ಟಿನಾಗ ಮಾತಾಡ್ತಾಳ್ರಿ" ಎಂದನಂತೆ. ನಿನ್ನೆ ಇಂಜಿನಿಯರನದೂ ಅದೇ ಮಾತು. ಬಿದ್ದ ಸ್ಲ್ಯಾಬೂ ಇಲ್ಲ, ನನ್ನ ಮಾತಿಗೆ ಬೆಲೆಯೂ ಇಲ್ಲ. ಇನ್ನು ಉಳಿದಿರುವುದು ನಿಮ್ಮ ಬಾಯಿ ಒಂದೇ.

ಸೋಮವಾರ ತಹಶೀಲ್ದಾರರು ಜಮಖಂಡಿಯಿಂದ ವಿಚಾರಣೆಗೆ ಬರುತ್ತಾರೆ. ನೀವು ಬಂದು ಅವರ ಮುಂದೆ ನಿಂತು ಹೇಳಬೇಕು. ಓಣಿಯ ಮಂದಿ ಹಾಸಿಗೆ ಹೊತ್ತು ಬಯಲಿಗೆ ಬಂದಿದ್ದಾರೆ. ಕೂಸು ಬಾಣಂತಿಯರೂ ತಾಡಪತ್ರಿಯ ಕೆಳಗೆ ಮಲಗುತ್ತಿದ್ದಾರೆ. ಮನೆ ಬಿಟ್ಟವರ ಹೆಸರನ್ನು ಹಂಚಿಕೆಯ ಪಟ್ಟಿಯಿಂದ ಹೊಡೆದುಹಾಕುತ್ತೇವೆಂದು ಗುತ್ತಿಗೆದಾರರ ಮಂದಿ ಬೆದರಿಸಿದ್ದಾರೆ, ಹೀಗಾಗಿ ಕೆಲವರು ಒಳಗೆ ಹೋಗುವ ಮಾತಾಡುತ್ತಿದ್ದಾರೆ. ನೀವೀಗ ಹೊಯ್ಯುತ್ತಿರುವ ಸ್ಲ್ಯಾಬುಗಳು ಬೀಳಗಿ ಕಡೆಯ ಒಂದು ಶಾಲೆಗೆ ಹೋಗುತ್ತವೆಂದು ಕೇಳಿದೆ. ಅಲ್ಲಿಯೂ ಎರಡು ಬೆರಳಿನ ಮೇಲೆಯೇ ಕೂಡಿಸುವಿರಾ?

ಜೇಲಿಗೆ ಹೋದರೆ ಹೋಗಿರಿ. ಬುತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೂಡುವವಳು ನಾನಿದ್ದೇನೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಮಾಯವ್ವನ ಕೈ ಹಿಡಿದ ಮೇಲೆ ನನ್ನಲ್ಲಿ ಸಿಟ್ಟು ಉಳಿದಿಲ್ಲ, ಅಂಜಿಕೆ ಮಾತ್ರ ಉಳಿದಿದೆ.

ನೀಲವ್ವನನ್ನು ರನ್ನ ಬೆಳಗಲಿಗೆ, ನನ್ನ ತವರಿಗೆ ಕಳಿಸಿದ್ದೇನೆ. ಅವಳ ಚಿಂತೆ ಬೇಡ.

ನಿಮ್ಮ ದಾರಿ ನೋಡುತ್ತಿರುವ,
ಶಿವಗಂಗವ್ವ

ತಾ.ಕ.: ಬರೆಯಬಾರದೆಂದಿದ್ದೆ. ಈ ಕಾಗದ ಒಯ್ಯುವ ಧರೆಪ್ಪನ ಟೆಂಪೋ ಲೋಕಾಪುರಕ್ಕೆ ಹೊರಟು ನಿಂತಿದೆ, ಇನ್ನು ಮುಚ್ಚಿಡಲಾರೆ. ನಿಮ್ಮ ಅವ್ವ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ. ಎತ್ತಿಕೊಂಡು ಹೋಗಲು ಬಂದವರಿಗೆ, "ನನ್ನ ಮಗ ಕುಂದರಿಸಿದ ಮಾಳಿಗಿ ಐತಿ, ಬೀಳೂದಿಲ್ಲ" ಎಂದು ಬಾಗಿಲು ಹಿಡಿದು ಕೂತುಬಿಟ್ಟರು. ಅವರನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ? ಮಂಗಳವಾರದಿಂದ ನಾನೂ ಒಳಗೇ ಇದ್ದೇನೆ. ಸೋಮವಾರದವರೆಗೆ ಕಾಯಬೇಡಿ.